‘ಕನಾರ್ಟಕ’ವಾದ ಕರ್ನಾಟಕ

ನಾಡಿನ ಹೆಸರನ್ನು ‘ಕನಾರ್ಟಕ’ ಎಂದು ಬರೆದ ಹುಡುಗನನ್ನು ಹಿಂದಿನ ಪಂತೋಜಿಗಳು ಸುಮ್ಮನೆ ಬಿಡುತ್ತಿರಲಿಲ್ಲ. ಇಂದು ಅದೇ ರೂಪವು ಸುತ್ತೋಲೆಗಳಲ್ಲಿ, ಸಂಘಸಂಸ್ಥೆಗಳ ವರದಿಗಳಲ್ಲಿ, ಒಮ್ಮೊಮ್ಮೆ ಅಚ್ಚಾದ ಪುಸ್ತಕಗಳಲ್ಲಿಯೂ ರಾಜಾರೋಷವಾಗಿ ಮೆರೆಯುತ್ತಿದೆ. ‘ವರ್ಷ’ವು ‘ವಷರ್’ ಆಗಿದೆ, ‘ಧರ್ಮ’ವು ‘ಧಮರ್’ ಆಗಿದೆ. ಬರೆದವರಿಗೆ ಕಾಗುಣಿತ ಬಾರದೆಂದು ತಿಳಿಯುವುದು ಅನ್ಯಾಯ. ಅವರು ಸರಿಯಾಗಿಯೇ ಬರೆದಿದ್ದರು.

ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ಮೊದಲಾದ ತಂತ್ರಾಂಶಗಳು ನಮಗೆ ಮಾಡಿರುವ ಉಪಕಾರ ಸಾಮಾನ್ಯವಾದುದಲ್ಲ. ಆದರೆ ಅಂದಿನ ಅನಿವಾರ್ಯತೆಯಿಂದ, ಅವುಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಖಂಡಗಳು ರೋಮನ್ ಲಿಪಿಯ ಮನೆಗಳಲ್ಲಿ ಬಾಡಿಗೆಗೆ ಕುಳಿತಿದ್ದವು. ಹಳೆಯ ನುಡಿಯಲ್ಲಿ ‘ಕನ್ನಡ’ ಎಂದು ಬೆರಳಚ್ಚು ಮಾಡಿದರೆ ಕಂಪ್ಯೂಟರು ತನ್ನೊಳಗೆ ಬರೆದುಕೊಳ್ಳುತ್ತಿದ್ದುದು ಇಂಗ್ಲಿಷಿನ ಒಂದು ‘ಪಿ’, ಪೌಂಡು ನಾಣ್ಯದ ಚಿಹ್ನೆ, ಜರ್ಮನರ ಒಂದು ಅಕ್ಷರ, ಒಂದು ‘ಕ್ಯೂ’, ನಡುನಡುವೆ ತಲೆಯ ಮೇಲೆ ಗೆರೆ ಹೊತ್ತ ‘ಎ’! ಫಾಂಟು ಇರುವವರೆಗೆ ಅದು ಕನ್ನಡ. ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಬೀಳುತ್ತದೆ. 1991ರಲ್ಲಿ ಬಂದ ಯುನಿಕೋಡ್ ನಮ್ಮ ಲಿಪಿಗೆ 128 ಸ್ಥಾನಗಳ ಸ್ವಂತ ಮನೆಯನ್ನು ಕೊಟ್ಟಿತು.

ಬಾಡಿಗೆಯ ಮನೆಯಿಂದ ಸ್ವಂತ ಮನೆಗೆ ಸಾಮಾನು ಸಾಗಿಸುವಾಗಲೇ ತೊಡಕು. ಅರ್ಕಾವತ್ತಿನ ಸಂಗತಿಯನ್ನು ಕನ್ನಡದ ಅಧ್ಯಾಪಕರಿಗೆ ವಿವರಿಸಬೇಕಾಗಿಲ್ಲ: ರೇಫವನ್ನು ನಾವು ಮೊದಲು ಉಚ್ಚರಿಸುತ್ತೇವೆ, ವ್ಯಂಜನದ ಬಳಿಕ ಬರೆಯುತ್ತೇವೆ. ಹಳೆಯ ಫಾಂಟು ಬರೆಯುವ ಕ್ರಮವನ್ನು ಹಿಡಿದಿತ್ತು; ಯುನಿಕೋಡ್ ಉಚ್ಚರಿಸುವ ಕ್ರಮವನ್ನು ಹಿಡಿಯಿತು. ಆದುದರಿಂದ ಚಿಹ್ನೆಗೆ ಪ್ರತಿಯಾಗಿ ಚಿಹ್ನೆಯನ್ನಿಟ್ಟು ಹೋದರೆ ರೇಫವು ತಡವಾಗಿ ಬಂದ ಅತಿಥಿಯಂತೆ ಪಂಕ್ತಿಯ ತಪ್ಪು ಕಡೆಯಲ್ಲಿ ಕುಳಿತುಬಿಡುತ್ತದೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಜನರಿಗೆ ‘ಅರ್ಪಿತ’ ಎಂಬುದು ಎಂತಹ ಮಾತೆಂದು ಹೇಳಬೇಕೆ? ಅದೂ ‘ಅಪಿರ್ತ’ವಾಗುತ್ತದೆ.

ಇದನ್ನು ಬಲ್ಲ ತಜ್ಞರಿದ್ದಾರೆ, ಸರಿಯಾದ ಪರಿವರ್ತಕಗಳೂ ಇವೆ. ಆದರೆ ನಮ್ಮ ತಾಲ್ಲೂಕು ಊರುಗಳ ಕಚೇರಿಗಳಲ್ಲಿ ಈ ಕೆಲಸ ಬೀಳುವುದು ಗುಮಾಸ್ತರ ಅಳಿಯನ ಪಾಲಿಗೆ, ಇಲ್ಲವೆ ‘ಸ್ವಲ್ಪ ಕಂಪ್ಯೂಟರ್ ಗೊತ್ತಿರುವ’ ಹುಡುಗನ ಪಾಲಿಗೆ. ಅವನು ಕಡತದ ನಡುವೆ ಇದ್ದ ಇಂಗ್ಲಿಷ್ ಹೆಸರುಗಳನ್ನೂ ಸೇರಿಸಿ ಎಲ್ಲವನ್ನೂ ಒಂದೇ ಏಟಿಗೆ ‘ಕನ್ನಡ’ ಮಾಡುತ್ತಾನೆ. ಮೂಲಪ್ರತಿಯನ್ನು ಅಳಿಸಿಯೂ ಬಿಡುತ್ತಾನೆ. ಮುಂದೊಂದು ದಿನ ಯಾರೋ ದಾಖಲೆಗಾಗಿ ಬಂದು ನಿಂತಾಗ ‘ಶರ್ಮಾ’ ಎಂದು ಹುಡುಕಿದರೆ ಯಂತ್ರ ಇಲ್ಲವೆನ್ನುತ್ತದೆ. ಹೆಸರು ಅಲ್ಲಿಯೇ ಇದೆ, ‘ಶಮಾರ್’ ಆಗಿ. ಬಂದವನು ಬರಿಗೈಯಲ್ಲಿ ಹಿಂದಿರುಗುತ್ತಾನೆ.

ಮೊಳೆ ಜೋಡಿಸುವ ಕಾಲದಲ್ಲಿ ಹೀಗೆ ಯಾರೂ ಯೋಚಿಸುತ್ತಿರಲಿಲ್ಲ. ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು, ಅನಂತರ ಮನೆಯನ್ನೇ ಮಾರಿ, 1925ರಲ್ಲಿ ಇಲ್ಲಿಗೆ ಹತ್ತಿರದ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಓಲೆಗರಿಯ ಅಕ್ಷರ ಸೀಸದ ಅಕ್ಷರವಾಗಲು ಕಸುಬು ಬಲ್ಲವರು ಬೇಕೆಂಬುದು ಆಗ ಎಲ್ಲರಿಗೂ ತಿಳಿದಿತ್ತು. ಮೊಳೆ ಜೋಡಿಸುವವನೂ ಕರಡು ತಿದ್ದುವವನೂ ಇಲ್ಲದೆ ಪುಟ ಹೊರಬೀಳುತ್ತಿರಲಿಲ್ಲ. ಕಂಪ್ಯೂಟರು ಮೇಜಿಗೆ ಬಂದೊಡನೆ ಇಬ್ಬರನ್ನೂ ನಾವು ಬೀಳ್ಕೊಟ್ಟೆವು. ಈಗ ಅಂತಹ ಕಡತಗಳನ್ನು ನೆಟ್ಟಗೆ ಮಾಡಬೇಕಾದರೆ ಹಳೆಯ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ತಾಳೆ ನೋಡಬೇಕು, ಅಂತಹ ಪ್ರತಿಯೊಂದು ಉಳಿದಿದ್ದರೆ.