ಸೂರ್ಯಾಸ್ತದ ಊಟ, ಅಷ್ಟಮಿಯ ಉಪವಾಸ ಮತ್ತು ಸಕ್ಕರೆ ಕಾಯಿಲೆ

ಕುಂದಾಪುರದಿಂದ ತಲ್ಲೂರಿನ ಮೂಲಕ ಒಳಗೆ ಹೋದರೆ ವಾರಾಹಿ ನದಿಯ ದಡದಲ್ಲಿ ಹಟ್ಟಿಯಂಗಡಿ ಸಿಗುತ್ತದೆ. ಸಿದ್ಧಿವಿನಾಯಕ ದೇವಸ್ಥಾನದಿಂದ ನಾಡಿಗೆಲ್ಲ ಪರಿಚಿತವಾದ ಈ ಊರು ಜೈನರಿಗೆ ಹಳೆಯ ಬಸದಿಯ ಊರೂ ಹೌದು. ಈ ಕಡೆಯ ಜೈನ ಮನೆಗಳ ಊಟ ಕರಾವಳಿಯ ಉಳಿದ ಮನೆಗಳಂತೆ ಕುಚ್ಚಲಕ್ಕಿಯ ಮೇಲೆಯೇ ನಿಂತಿದೆ. ಅದರ ಜೊತೆಗೆ ಶ್ರಾವಕಾಚಾರದ ನಿಯಮಗಳೂ ಸೇರುತ್ತವೆ: ಗೆಡ್ಡೆ-ಗೆಣಸು ಇಲ್ಲ, ಜೇನು ಇಲ್ಲ, ರಾತ್ರಿ ಭೋಜನ ಇಲ್ಲ, ಅಷ್ಟಮಿ-ಚತುರ್ದಶಿಗೆ ಉಪವಾಸ ಅಥವಾ ಏಕಾಶನ. ಇಂಥ ಮನೆಯಲ್ಲಿ ಒಬ್ಬರಿಗೆ ಮಧುಮೇಹ ಬಂದರೆ ವೈದ್ಯರು ಕೊಡುವ ಅಚ್ಚು ಹಾಕಿದ ಆಹಾರ ಪಟ್ಟಿ ಅರ್ಧಕ್ಕರ್ಧ ಉಪಯೋಗಕ್ಕೆ ಬರುವುದಿಲ್ಲ. ಅದರಲ್ಲಿ ಮೊಟ್ಟೆ ಇರುತ್ತದೆ, ಈರುಳ್ಳಿ-ಕ್ಯಾರೆಟ್ ಸಲಾಡ್ ಇರುತ್ತದೆ, ರಾತ್ರಿ 8 ಗಂಟೆಗೆ ಚಪಾತಿ, ಮಲಗುವಾಗ ಒಂದು ಲೋಟ ಹಾಲು ಇರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ, 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ‘ನಾವು ಸಸ್ಯಾಹಾರಿಗಳು, ನಮಗೆ ಹೇಗೆ ಬಂತು’ ಎಂಬ ಪ್ರಶ್ನೆ ಸಮಾಜದಲ್ಲಿ ಇನ್ನೂ ಕೇಳಿಬರುತ್ತದೆ. ಮಾಂಸ ಬಿಟ್ಟ ಮಾತ್ರಕ್ಕೆ ಸಕ್ಕರೆ ಕಾಯಿಲೆಯಿಂದ ರಕ್ಷಣೆ ಸಿಗುವುದಿಲ್ಲ. ತಟ್ಟೆಯ ಮುಕ್ಕಾಲು ಭಾಗ ಅನ್ನವೇ ಆಗಿದ್ದರೆ ಅದು ಸಸ್ಯಾಹಾರವೇ ಆದರೂ ರಕ್ತದಲ್ಲಿ ಸಕ್ಕರೆಯಾಗಿಯೇ ಇಳಿಯುತ್ತದೆ.

ಕುಚ್ಚಲಕ್ಕಿಗೆ ಒಂದು ಅನುಕೂಲವಿದೆ. ಭತ್ತವನ್ನು ಬೇಯಿಸಿ ಒಣಗಿಸಿ ಆಮೇಲೆ ಅಕ್ಕಿ ಮಾಡುವುದರಿಂದ ಅದರ ಪಿಷ್ಟ ಗಟ್ಟಿಯಾಗಿ, ಜೀರ್ಣವಾಗುವುದು ನಿಧಾನವಾಗುತ್ತದೆ. ತೌಡಿನ ಸತ್ವವೂ ಸ್ವಲ್ಪ ಕಾಳಿನೊಳಗೆ ಉಳಿಯುತ್ತದೆ. ಬೆಳ್ತಿಗೆ ಅಕ್ಕಿಗಿಂತ ಇದು ಮೇಲು. ಆದರೆ ‘ಕುಚ್ಚಲಕ್ಕಿ ಸಕ್ಕರೆ ಕಾಯಿಲೆಗೆ ಒಳ್ಳೆಯದು’ ಎಂಬ ಮಾತನ್ನು ನಂಬಿ ಬಟ್ಟಲು ತುಂಬ ಬಡಿಸಿಕೊಂಡರೆ ಆ ಲಾಭ ಅಲ್ಲೇ ಕರಗುತ್ತದೆ. ಒಂದು ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ ಪಿಷ್ಟವಿರುತ್ತದೆ, ಅಕ್ಕಿ ಯಾವುದೇ ಇರಲಿ. ಬೆಳಗಿನ ಗಂಜಿಗೆ ಬರೀ ಉಪ್ಪಿನಕಾಯಿ ನೆಂಚಿಕೊಳ್ಳುವ ಬದಲು ಅಕ್ಕಿ ಅರ್ಧ ಮಾಡಿ ಹೆಸರು ಹಾಕಿ ಬೇಯಿಸಿದ ಹೆಸರು ಗಂಜಿ, ಪಕ್ಕಕ್ಕೆ ಒಂದು ಪಲ್ಯ ಇದ್ದರೆ ಊಟದ ಲೆಕ್ಕವೇ ಬದಲಾಗುತ್ತದೆ. ನೀರುದೋಸೆಗಿಂತ ಉದ್ದು ಸೇರಿದ ದೋಸೆ ಅಥವಾ ಕೊಟ್ಟೆ ಕಡುಬು ಮೇಲು, ಅದೂ ಎಣಿಸಿ ತಿಂದರೆ. ಬೆಳಗಾವಿ, ಧಾರವಾಡದ ಕಡೆಯ ಮನೆಗಳಲ್ಲಿ ಜೋಳದ ರೊಟ್ಟಿ, ಹಳೆ ಮೈಸೂರಿನ ಕಡೆ ರಾಗಿ ಮುದ್ದೆ. ಅಲ್ಲಿಯೂ ಲೆಕ್ಕ ಇದೇ: ಧಾನ್ಯ ಕಡಿಮೆ, ಕಾಳು-ತರಕಾರಿ ಹೆಚ್ಚು.

ಗೆಡ್ಡೆಗಳ ತ್ಯಾಗ ಈ ಕಾಯಿಲೆಯಲ್ಲಿ ವರವೇ ಸರಿ. ಆಲೂಗಡ್ಡೆ, ಮರಗೆಣಸು ತಾವಾಗಿಯೇ ದೂರ ಉಳಿಯುತ್ತವೆ. ಆದರೆ ಆಲೂಗಡ್ಡೆಯ ಜಾಗಕ್ಕೆ ಬರುವ ಬಾಳೆಕಾಯಿ, ಹಲಸಿನಕಾಯಿಯೂ ಪಿಷ್ಟವೇ. ಅವನ್ನು ತರಕಾರಿ ಎಂದು ಲೆಕ್ಕ ಹಿಡಿಯದೆ ಅನ್ನದ ಪಾಲಿನಿಂದ ಕಳೆಯಬೇಕು. ಚಾತುರ್ಮಾಸದಲ್ಲಿ ಇನ್ನೊಂದು ತೊಡಕು. ಮಳೆಗಾಲದ ಸೂಕ್ಷ್ಮ ಜೀವಿಗಳ ಕಾರಣಕ್ಕೆ ಅನೇಕರು ಹರಿವೆ, ಬಸಳೆ, ನುಗ್ಗೆ ಸೊಪ್ಪುಗಳನ್ನು ಬಿಡುತ್ತಾರೆ. ಸೊಪ್ಪು ಹೋದ ಜಾಗಕ್ಕೆ ಹಪ್ಪಳ, ಸಂಡಿಗೆ ಬಂದು ಕೂರುತ್ತವೆ! ಹೀರೆ, ಪಡುವಲ, ತೊಂಡೆ, ಬೆಂಡೆ, ಅಲಸಂಡೆ, ಸೌತೆಗಳಿಗೆ ಅಂಥ ತಡೆಯಿಲ್ಲದ ಮನೆಗಳಲ್ಲಿ ನಾರಿನಂಶಕ್ಕೆ ಅವನ್ನೇ ಹಿಡಿಯಬೇಕು. ದ್ವಿದಳದ ನಿಯಮ ಪಾಲಿಸುವವರು ಬೇಳೆ-ಕಾಳನ್ನು ಹಸಿ ಮೊಸರು ಮಜ್ಜಿಗೆಯೊಂದಿಗೆ ಬೆರೆಸುವುದಿಲ್ಲ. ಹಾಗಾಗಿ ಮೊಸರನ್ನ ಉಣ್ಣುವ ಹೊತ್ತಿಗೆ ಕಾಳು ತಪ್ಪಿಹೋಗುತ್ತದೆ. ಮಧ್ಯಾಹ್ನ ಹುರುಳಿ ಸಾರು, ಹೆಸರಿನ ಗಸಿ. ಮೊಸರು ಬೇರೆ ಹೊತ್ತಿಗೆ ಎಂದು ಮೊದಲೇ ಹಂಚಿಕೊಂಡರೆ ಎರಡೂ ಸಿಗುತ್ತವೆ. ಹಾಗಲಕಾಯಿ, ಮೆಂತ್ಯ ಒಳ್ಳೆಯ ಆಹಾರ, ಅಷ್ಟೇ. ಹಾಗಲಕಾಯಿ ರಸ ಕುಡಿಯುತ್ತೇವೆಂದು ಮಾತ್ರೆ ನಿಲ್ಲಿಸುವುದು ಅಪಾಯ.

ಹೊತ್ತು ಮುಳುಗುವ ಮುನ್ನ ಉಣ್ಣುವ ಪದ್ಧತಿಯ ಬಗ್ಗೆ ಈಚೆಗೆ ವಿಜ್ಞಾನವೂ ಆಸಕ್ತಿ ತೋರಿಸಿದೆ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದ ಪುರುಷರು ದಿನದ ಊಟವನ್ನೆಲ್ಲ ಆರು ಗಂಟೆಗಳ ಅವಧಿಯಲ್ಲಿ, ಮಧ್ಯಾಹ್ನ 3ರೊಳಗೆ ಮುಗಿಸಿದಾಗ, ತೂಕ ಇಳಿಯದಿದ್ದರೂ ಅವರ ದೇಹ ಇನ್ಸುಲಿನ್‌ಗೆ ಹೆಚ್ಚು ಚೆನ್ನಾಗಿ ಸ್ಪಂದಿಸಿತು. ಅಧ್ಯಯನ ತೀರ ಚಿಕ್ಕದು. ಅದನ್ನೇ ಹಿಡಿದು ದೊಡ್ಡ ಮಾತಾಡುವುದು ಬೇಡ. ಜೊತೆಗೆ, ಬೇಗ ಉಣ್ಣುವ ಲಾಭ ಸಿಗುವುದು ಹಿತಮಿತವಾಗಿ ಉಂಡವರಿಗೆ. ‘ಇನ್ನು ಬೆಳಗಿನವರೆಗೆ ಏನೂ ಇಲ್ಲ’ ಎಂದು ಸಂಜೆ ಐದೂವರೆಗೆ ಅವಲಕ್ಕಿ, ಚಕ್ಕುಲಿ, ಅದರ ಮೇಲೆ ಅನ್ನ ಎಂದು ತುಂಬಿಕೊಂಡರೆ ಸಕ್ಕರೆ ಏರುವುದೇ ಸಂಜೆ.

ಎಲ್ಲಕ್ಕಿಂತ ಗಮನಿಸಬೇಕಾದದ್ದು ಸಕ್ಕರೆ ಏರುವುದಲ್ಲ, ಇಳಿಯುವುದು. ಕುಂದಾಪುರದ ಕಡೆ ಡಿಸೆಂಬರಿನಲ್ಲಿ ಸೂರ್ಯ ಆರು ಗಂಟೆಯ ಆಸುಪಾಸಿಗೆ ಮುಳುಗುತ್ತಾನೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವವರು ಬೆಳಿಗ್ಗೆ ಏಳೂವರೆ-ಎಂಟಕ್ಕೆ ತಿಂಡಿ ತಿಂದರೆ ನಡುವೆ 14 ಗಂಟೆಗೂ ಹೆಚ್ಚು ಹೊತ್ತು ಖಾಲಿ ಹೊಟ್ಟೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಾಮೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರ ಕಥೆ ಬೇರೆ. ಊಟ ಇದ್ದರೂ ಇಲ್ಲದಿದ್ದರೂ ಈ ಔಷಧಗಳು ಸಕ್ಕರೆ ಇಳಿಸುತ್ತಲೇ ಇರುತ್ತವೆ. ಎಷ್ಟೋ ಮಂದಿ ನುಂಗುವ ಒಂದೇ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಕೂಡ ಇರುತ್ತದೆ. ಪಟ್ಟಿಯ ಹಿಂದಿನ ಸಣ್ಣ ಅಕ್ಷರಗಳನ್ನು ಮನೆಯ ಮಕ್ಕಳಾದರೂ ಒಮ್ಮೆ ಓದಿ ನೋಡಬೇಕು.

ಅಷ್ಟಮಿಯ ಪ್ರೋಷಧೋಪವಾಸದಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ಸಪ್ತಮಿಯ ಮಧ್ಯಾಹ್ನ ಏಕಾಶನ, ಅಷ್ಟಮಿ ಪೂರ್ತಿ ಉಪವಾಸ, ನವಮಿಯ ಮಧ್ಯಾಹ್ನ ಮತ್ತೆ ಏಕಾಶನ. ಹೆಸರಿಗೆ ಒಂದು ದಿನದ ಉಪವಾಸ, ಗಡಿಯಾರದ ಲೆಕ್ಕಕ್ಕೆ 48 ಗಂಟೆ. ವೈದ್ಯರ ಬಳಿ ‘ಒಂದು ದಿನ ಉಪವಾಸ ಮಾಡಬಹುದೇ’ ಎಂದು ಕೇಳಿದರೆ ಅವರ ಮನಸ್ಸಿಗೆ ಬರುವುದು ಹಣ್ಣು-ಹಾಲಿನ ಉಪವಾಸ. ಎಷ್ಟು ಗಂಟೆ, ನೀರು ಇದೆಯೋ ಇಲ್ಲವೋ ಎಂದು ಬಿಡಿಸಿ ಹೇಳಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ, ಜೊತೆಗೆ ನೀರೂ ಹೋಗುತ್ತದೆ. ನಿರ್ಜಲ ಉಪವಾಸದಲ್ಲಿ ಇವನ್ನು ನುಂಗಿದರೆ ದೇಹ ಒಣಗುವುದಲ್ಲದೆ ರಕ್ತ ಆಮ್ಲೀಯವಾಗುವ ಅಪಾಯವೂ ಇದೆ. ದಶಲಕ್ಷಣ ಪರ್ವಕ್ಕೆ ಮೂರು-ನಾಲ್ಕು ವಾರ ಮೊದಲೇ ವೈದ್ಯರನ್ನು ಕಂಡರೆ ಯಾವ ಔಷಧ ನಿಲ್ಲಿಸಬೇಕು, ಯಾವುದನ್ನು ಕಡಿಮೆ ಮಾಡಬೇಕು, ರಾತ್ರಿಯ ಮಾತ್ರೆಯನ್ನು ಹಗಲಿಗೆ ತರಬಹುದೇ ಎಂಬುದನ್ನು ನಿಧಾನವಾಗಿ ಹೊಂದಿಸಬಹುದು. ಪರ್ವದ ಹಿಂದಿನ ಸಂಜೆ ಹೋಗಿ ಪ್ರಯೋಜನವಿಲ್ಲ. ಇನ್ಸುಲಿನ್ ಮೇಲಿರುವವರು, ಮೂತ್ರಪಿಂಡದ ತೊಂದರೆಯಿರುವವರು, ಗರ್ಭಿಣಿಯರು, ಈಚೆಗೆ ಸಕ್ಕರೆ ತೀರಾ ಇಳಿದು ತೊಂದರೆ ಅನುಭವಿಸಿದವರು ನಿರ್ಜಲ ಉಪವಾಸಕ್ಕೆ ಕೈಹಾಕಬಾರದು. ಷೋಡಶಕಾರಣ ಭಾವನೆಗಳಲ್ಲಿ ಒಂದರ ಹೆಸರೇ ‘ಶಕ್ತಿತಸ್ತಪ’, ಅಂದರೆ ಶಕ್ತಿಗೆ ತಕ್ಕ ತಪಸ್ಸು. ಕಾಯಿಲೆಯವರು ಉಪವಾಸದ ಬದಲು ರಸತ್ಯಾಗವನ್ನೋ ಊನೋದರವನ್ನೋ ಹಿಡಿದರೆ ಅವೂ ಬಾಹ್ಯ ತಪಗಳೇ. ಸಿಹಿಯನ್ನು ಬಿಡುವ ರಸತ್ಯಾಗವಂತೂ ಮಧುಮೇಹಿಗೆ ಎರಡು ಕಡೆಯಿಂದಲೂ ಲಾಭ.

ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಬೆವರು, ನಡುಕ, ಎದೆಬಡಿತ, ತೊದಲು ಮಾತು ಕಾಣಿಸಬಹುದು. ಆಗ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕೊಡಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು, ಏರದಿದ್ದರೆ ಇನ್ನೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಇದು ರಾತ್ರಿ ಎರಡು ಗಂಟೆಗೆ ನಡೆದರೆ? ರಾತ್ರಿ ನೀರನ್ನೂ ಮುಟ್ಟದ ವ್ರತದ ಅಜ್ಜಿ ತುಟಿ ಬಿಗಿಹಿಡಿಯುತ್ತಾರೆ, ಮನೆಯವರು ಏನು ಮಾಡುವುದೆಂದು ಮುಖ ನೋಡಿಕೊಳ್ಳುತ್ತಾರೆ. ಸಕ್ಕರೆ ಇಳಿದಾಗ ಮೆದುಳಿಗೇ ಆಹಾರವಿಲ್ಲದೆ ರೋಗಿಯ ವಿವೇಚನೆ ಮಂಕಾಗಿರುತ್ತದೆ. ಆ ಹೊತ್ತಿನ ‘ಬೇಡ’ವನ್ನು ವ್ರತನಿಷ್ಠೆ ಎಂದು ತಿಳಿಯುವಂತಿಲ್ಲ. ವ್ರತ ಸ್ವೀಕರಿಸುವಾಗಲೇ ಮುನಿಗಳ ಅಥವಾ ಭಟ್ಟಾರಕರ ಮುಂದೆ ಕಾಯಿಲೆಯ ವಿಷಯ ತಿಳಿಸಿ, ಇಂಥ ಸಂದರ್ಭದ ಔಷಧಕ್ಕೆ ರಿಯಾಯಿತಿ ಕೇಳಿಕೊಳ್ಳುವುದು ಸರಿಯಾದ ದಾರಿ. ಆ ಸಕ್ಕರೆ ನೀರು ಊಟವಲ್ಲ, ಔಷಧ.

ಪಾರಣೆಯ ದಿನ ಇದಕ್ಕೆ ತದ್ವಿರುದ್ಧ. ಪಾಯಸ, ಹೋಳಿಗೆಯಿಂದ ಉಪವಾಸ ಬಿಟ್ಟರೆ ಸಕ್ಕರೆ ಒಮ್ಮೆಲೇ ಜಿಗಿಯುತ್ತದೆ. ಹೆಸರುಬೇಳೆ ತಿಳಿಯಿಂದ ಆರಂಭಿಸುವುದು ಹಗುರ. ಅಕ್ಷಯ ತದಿಗೆಯಂದು ಆದಿನಾಥ ತೀರ್ಥಂಕರರ ಇಕ್ಷುರಸದ ಪಾರಣೆಯ ನೆನಪಿಗೆ ಕಬ್ಬಿನ ಹಾಲು ಹಂಚುತ್ತಾರೆ. ಒಂದು ದೊಡ್ಡ ಲೋಟದಲ್ಲಿ ಸುಮಾರು 30 ಗ್ರಾಂ ಸಕ್ಕರೆಯಿರುತ್ತದೆ. ಮಧುಮೇಹಿಗೆ ಒಂದು ಉದ್ಧರಣೆ ಸಾಕು.

ಪರೀಕ್ಷೆಯ ವಿಷಯಕ್ಕೆ ಬಂದರೆ, ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಧುಮೇಹ ಎನ್ನುತ್ತಾರೆ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇರುವವರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಹಾಗಾಗಿ ಹಿಮೋಗ್ಲೋಬಿನ್ ಜೊತೆಯಲ್ಲೇ ನೋಡಿಸಬೇಕು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಕಡಿಮೆಯಾಗುತ್ತದೆ. ಸಸ್ಯಾಹಾರಿಗೆ ಅದು ಸಿಗುವುದೇ ಹಾಲು-ಮೊಸರಿನಿಂದ. ಪಾದ ಜೋಮು ಹಿಡಿದರೆ ಎಲ್ಲವನ್ನೂ ಸಕ್ಕರೆಯ ಮೇಲೆ ಹಾಕದೆ ಬಿ12 ಪರೀಕ್ಷಿಸಿಕೊಳ್ಳಬೇಕು. ಅದಕ್ಕೆ ಕೊಡುವ ಕ್ಯಾಪ್ಸೂಲ್‌ಗಳ ಹೊರಕವಚ ಹೆಚ್ಚಾಗಿ ಪ್ರಾಣಿಜನ್ಯ ಜೆಲಾಟಿನ್; ಮಾತ್ರೆ ರೂಪದ್ದು ಕೇಳಿದರೆ ಅಂಗಡಿಯಲ್ಲಿ ಸಿಗುತ್ತದೆ.

ಇನ್ಸುಲಿನ್ ಪ್ರಾಣಿಗಳಿಂದ ಬರುತ್ತದೆ ಎಂದು ಹೆದರಿ ಅದನ್ನು ಮುಂದೂಡುವ ಹಿರಿಯರು ಈಗಲೂ ಇದ್ದಾರೆ. ಹಂದಿ ಮತ್ತು ದನದ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದ ಕಾಲ ಒಂದಿತ್ತು, ಆ ಹೆದರಿಕೆಗೆ ಆಗ ಆಧಾರವೂ ಇತ್ತು. 1982ರಲ್ಲಿ ಅಮೆರಿಕದಲ್ಲಿ ಸೂಕ್ಷ್ಮಾಣುಗಳಿಂದ ತಯಾರಿಸಿದ ಮಾನವ ಇನ್ಸುಲಿನ್‌ಗೆ ಅನುಮತಿ ಸಿಕ್ಕಿತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟ್‌ನಿಂದ ತಯಾರಿಸಿದ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದಿತು. ಇಂದು ಔಷಧದಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು ಈ ಬಗೆಯದನ್ನೇ. ಸಂಶಯವಿದ್ದವರು ಡಬ್ಬಿಯ ಮೇಲೆ ‘ಹ್ಯೂಮನ್’ ಅಥವಾ ‘ಆರ್‌ಡಿಎನ್‌ಎ’ ಎಂದು ಬರೆದಿದೆಯೇ ನೋಡಿಕೊಳ್ಳಬಹುದು.