ಕಡತವನ್ನು ತಿದ್ದುವವರು

ಹುಣಸೆ ಬೀಜದ ಸರಿಗೆ ಇದ್ದಿಲ ಪುಡಿ ಬೆರೆಸಿ, ಬಟ್ಟೆಗೆ ಸವರಿ, ಒಣಗಿಸಿ ಮಡಿಸಿದ ಲೆಕ್ಕದ ಪುಸ್ತಕವೇ ಹಿಂದಿನ ವರ್ತಕರ ಕಡತ. ಬಳಪದಿಂದ ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಗ್ನೋಮ್ ಮೊದಲಾದ ಮುಕ್ತ ತಂತ್ರಾಂಶಗಳನ್ನು ಕನ್ನಡಿಸಿದ ಸ್ವಯಂಸೇವಕರು 'ಫೈಲ್' ಎಂಬುದಕ್ಕೆ ಈ ಹೆಸರನ್ನೇ ಇಟ್ಟರು. ಸೊಗಸಾದ ಆಯ್ಕೆಯೆಂದೇ ನನ್ನ ಮತ.

ಆದರೆ ಇವರ ಕೆಲಸ ಒಮ್ಮೆಗೆ ಮುಗಿಯುವಂಥದಲ್ಲ. ಇಂಗ್ಲಿಷಿನ ಪ್ರತಿ ವಾಕ್ಯಕ್ಕೂ ಕನ್ನಡ ವಾಕ್ಯವೊಂದನ್ನು ಜೋಡಿಸಿಟ್ಟಿರುತ್ತಾರೆ. ತಂತ್ರಾಂಶ ಹೊಸದಾಗಿ ಮೂಲವಾಕ್ಯ ತುಸು ಬದಲಾಯಿತೆನ್ನಿ. 'ಗೆಟ್‌ಟೆಕ್ಸ್ಟ್' ಎಂಬ ವ್ಯವಸ್ಥೆ ಹಳೆಯ ಕನ್ನಡಕ್ಕೆ ಸಂದೇಹದ ಗುರುತು ಹಾಕುತ್ತದೆ. ಯಾರಾದರೂ ನೋಡಿ ಒಪ್ಪುವವರೆಗೆ ಅಲ್ಲಿ ಇಂಗ್ಲಿಷೇ ಕಾಣುವುದು. ಬಳಕೆಯನ್ನು ವಿವರಿಸುವ ಸಹಾಯಪುಟಗಳ ಪಾಡೂ ಇದೇ. ಯರಗೇರಾದಂಥ ಊರಿನ ಕನ್ನಡ ಮಾಧ್ಯಮದ ವಿದ್ಯಾರ್ಥಿನಿ ಅರ್ಧದಲ್ಲೇ ಇಂಗ್ಲಿಷಿಗೆ ಹೊರಳುವ ಪುಟವನ್ನು ಹಿಡಿದು ಏನು ಮಾಡಿಯಾಳು? ಆ ಗುರುತನ್ನು ಕಳೆಯಲು ಹೆಚ್ಚಿನ ಗಣಕವಿದ್ಯೆಯೇನೂ ಬೇಡ. ಎರಡೂ ಭಾಷೆ ಬಲ್ಲ ಉಪಾಧ್ಯಾಯರಿಗೂ ಸಾಧ್ಯವಾದ ಕೆಲಸವದು.