ಕನ್ನಂಬಾಡಿಯಿಂದ ಮೆಟ್ಟೂರಿಗೆ: ನೀರನ್ನು ಅಳೆದ ಎಂಜಿನಿಯರು

ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲಿನಲ್ಲಿ ಧುಮುಕಿ, ಸೇಲಂ ಜಿಲ್ಲೆಯ ಮೆಟ್ಟೂರಿನಲ್ಲಿ ತಂಗುವ ಕಾವೇರಿಯ ಕಥೆಯಲ್ಲಿ ಕನ್ನಡಿಗ ಎಂಜಿನಿಯರೊಬ್ಬರಿಗೆ ದೊಡ್ಡ ಪಾತ್ರವಿದೆ. ಮೆಟ್ಟೂರು ಅಣೆಕಟ್ಟನ್ನು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಕಟ್ಟಲಿಲ್ಲ. ಅದನ್ನು ರೂಪಿಸಿದವರು ಮದರಾಸು ಸರ್ಕಾರದ ಎಂಜಿನಿಯರ್ ಕರ್ನಲ್ ಎಲ್ಲಿಸ್. ಆದರೆ ಅದಕ್ಕೆ ದಾರಿಮಾಡಿಕೊಟ್ಟ ಒಪ್ಪಂದದ ಹಿಂದೆ ವಿಶ್ವೇಶ್ವರಯ್ಯನವರ ಕನ್ನಂಬಾಡಿ ಕಟ್ಟೆಯಿದೆ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿಕೊಟ್ಟು ತಮ್ಮ ಖರ್ಚನ್ನು ತೂಗಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ಅಲ್ಲಿ ಅವರು ಎದುರಿಸಿದ್ದು ಎರಡು ಪ್ರಶ್ನೆಗಳನ್ನು. ಇರುವ ಕಟ್ಟೆಯಲ್ಲೇ ಹೆಚ್ಚು ನೀರನ್ನು ನಿಲ್ಲಿಸುವುದು ಹೇಗೆ? ನಿಂತ ನೀರನ್ನು ಹೆಚ್ಚು ಊರುಗಳಿಗೆ ಹಂಚುವುದು ಹೇಗೆ? ಮೊದಲನೆಯದಕ್ಕೆ ಉತ್ತರವಾಗಿ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಸ್ವಯಂಚಾಲಿತ ಬಾಗಿಲುಗಳು ಬಂದವು. ನೀರು ಗೊತ್ತಾದ ಮಟ್ಟವನ್ನು ಮೀರಿದರೆ ಅವು ತಾವಾಗಿ ತೆರೆದುಕೊಳ್ಳುತ್ತಿದ್ದವು, ಇಳಿದರೆ ಮುಚ್ಚಿಕೊಳ್ಳುತ್ತಿದ್ದವು. ಎರಡನೆಯದಕ್ಕೆ ಉತ್ತರವಾಗಿ ಬ್ಲಾಕ್ ಪದ್ಧತಿ ಬಂದಿತು. ಕಾಲುವೆಯ ಜಮೀನನ್ನು ವಿಭಾಗಗಳಾಗಿ ಮಾಡಿ, ಹೆಚ್ಚು ನೀರು ಬೇಡುವ ಬೆಳೆಯನ್ನೂ ಕಡಿಮೆ ನೀರಿನ ಬೆಳೆಯನ್ನೂ ಸರದಿಯಂತೆ ಬೆಳೆಯುವ ಏರ್ಪಾಡು ಅದು. ಕಾಲುವೆಯ ತಲೆಯಲ್ಲಿರುವವನಿಗೆ ಮಾತ್ರ ಸಲ್ಲುತ್ತಿದ್ದ ನೀರು ಬಾಲದಲ್ಲಿರುವವನಿಗೂ ದಕ್ಕಬೇಕೆಂಬುದು ಅದರ ತಿರುಳು.

1909ರಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾದರು. ಈಗ ಅದೇ ತಲೆ–ಬಾಲದ ಪ್ರಶ್ನೆ ಇಡೀ ನದಿಯ ಪ್ರಶ್ನೆಯಾಗಿ ಎದುರು ನಿಂತಿತು. ಕನ್ನಂಬಾಡಿಯಲ್ಲಿ ಸುಮಾರು 41 ಟಿಎಂಸಿ ನೀರು ನಿಲ್ಲಿಸಬೇಕೆಂಬುದು ಮೈಸೂರಿನ ಯೋಜನೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಕೆಳಗಿನ ತಂಜಾವೂರಿನ ಗದ್ದೆಗಳಿಗೆ ನೀರು ತಪ್ಪೀತೆಂದು ಮದರಾಸು ಸರ್ಕಾರ ತಕರಾರು ತೆಗೆಯಿತು. ಮೆಟ್ಟೂರಿನಲ್ಲಿ ಕಟ್ಟೆ ಕಟ್ಟುವ ಯೋಜನೆ ಅದಕ್ಕೂ ಇತ್ತು. ಭಾರತ ಸರ್ಕಾರ ಸುಮಾರು 11 ಟಿಎಂಸಿಯ ಮೊದಲ ಹಂತಕ್ಕಷ್ಟೇ ಅನುಮತಿ ನೀಡಿತು. 1911ರಲ್ಲಿ ಕೆಲಸ ಆರಂಭವಾದಾಗ, ಕಟ್ಟೆ ಗಿಡ್ಡದಾಗಿದ್ದರೂ ಅಡಿಪಾಯವನ್ನು ಪೂರ್ಣ ಎತ್ತರಕ್ಕೆ ತಕ್ಕಂತೆಯೇ ಹಾಕಲಾಯಿತು.

ವ್ಯಾಜ್ಯ ಮಧ್ಯಸ್ಥರ ಮುಂದೆ ಹೋಯಿತು. 1914ರ ತೀರ್ಪನ್ನು ಮದರಾಸು ಒಪ್ಪಲಿಲ್ಲ. ಕೊನೆಗೆ 1924ರ ಫೆಬ್ರುವರಿಯಲ್ಲಿ ಒಪ್ಪಂದವಾಯಿತು. ಮೇಲೆ ಕೃಷ್ಣರಾಜಸಾಗರ, ಕೆಳಗೆ 93.5 ಟಿಎಂಸಿಯ ಮೆಟ್ಟೂರು, ಎರಡಕ್ಕೂ ಒಂದೇ ಕಾಗದದಲ್ಲಿ ಒಪ್ಪಿಗೆ ದೊರೆಯಿತು. 1925ರಲ್ಲಿ ಆರಂಭವಾದ ಮೆಟ್ಟೂರು ಅಣೆಕಟ್ಟು 1934ರಲ್ಲಿ ಪೂರ್ಣಗೊಂಡಿತು.

ಎರಡು ಕಟ್ಟೆಗಳೂ ಊರುಗಳನ್ನು ನುಂಗಿವೆ. ಅಲ್ಲಿ ಹಳೆಯ ಕನ್ನಂಬಾಡಿ ತನ್ನ ವೇಣುಗೋಪಾಲಸ್ವಾಮಿ ದೇವಾಲಯದೊಡನೆ ಮುಳುಗಿತು. ಇಲ್ಲಿ ಮೆಟ್ಟೂರಿನ ನೀರು ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಬಳಿ ಜಲಕಂಠೇಶ್ವರ ದೇವಾಲಯದ ನಂದಿ ತಲೆಯೆತ್ತುತ್ತದೆ. ಗದ್ದೆಗೆ ಬಂದ ನೀರಿನ ಬೆಲೆಯನ್ನು ಮನೆ ಬಿಟ್ಟವರು ತೆತ್ತರೆಂಬುದನ್ನು ಆ ಕಲ್ಲು ನೆನಪಿಸುತ್ತದೆ.

ವಿಶ್ವೇಶ್ವರಯ್ಯನವರು ಪ್ರಾಧ್ಯಾಪಕರಾಗಲಿಲ್ಲ, ಆದರೆ ಪ್ರಾಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಮನೆಯೊಂದನ್ನು ಕಟ್ಟಿಕೊಟ್ಟರು. ಅವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಇಂದು ಅದಕ್ಕೆ ಅವರದೇ ಹೆಸರು. 1955ರಲ್ಲಿ ಭಾರತರತ್ನ ಪಡೆದ ಅವರು 1962ರಲ್ಲಿ ತೀರಿಕೊಂಡರು.

ಅವರು ಕೈಹಾಕಿದ ಲೆಕ್ಕ ಮಾತ್ರ ಇನ್ನೂ ಮುಗಿದಿಲ್ಲ. ಹೊಗೇನಕಲ್ಲಿಗೆ ಮೇಲಿರುವ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವು ನದಿಯನ್ನು ದಿನವೂ ಅಳೆಯುತ್ತದೆ. ಸಾಧಾರಣ ಮಳೆಯ ವರ್ಷದಲ್ಲಿ ಅಲ್ಲಿ ತಮಿಳುನಾಡಿಗೆ 177.25 ಟಿಎಂಸಿ ದೊರೆಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿತು. ಮಳೆ ಕೈಕೊಟ್ಟ ವರ್ಷ ಎರಡೂ ಕಡೆ ದನಿಗಳು ಏರುತ್ತವೆ. ಕನ್ನಡ ಓದುತ್ತ ತಮಿಳು ನೆಲದಲ್ಲಿ ಬೆಳೆಯುವ ಮಕ್ಕಳ ಕಿವಿಗೆ ಎರಡು ಭಾಷೆಗಳ ಮಾತೂ ಬೀಳುತ್ತದೆ. ಎರಡನ್ನೂ ಕೇಳಿ, ಬಿಳಿಗುಂಡ್ಲುವಿನ ಅಂಕಿಯನ್ನು ಓದಬಲ್ಲ ಎಂಜಿನಿಯರು ಇಂತಹ ಶಾಲೆಯಿಂದಲೇ ಬರಬಹುದು.